ಬಡ್ತಿಯ ಬಳಿಕದ ಬವಣೆ

ಕಳೆದ ಬೇಸಿಗೆಯ ಒಂದು ಭಾನುವಾರ. ಪೂಜೆ ಮುಗಿದು ಜನರು ದೇವಾಲಯದ ಅಂಗಳದಿಂದ ಚದುರುತ್ತಿದ್ದ ಹೊತ್ತಿನಲ್ಲಿ, ತೋರಣಗಲ್ಲಿನ ಕಾರ್ಖಾನೆಯಲ್ಲಿ ದುಡಿಯುವ ತಂದೆಯೊಬ್ಬರು ತಮ್ಮ ಹದಿನಾರರ ಮಗನನ್ನು ಜೊತೆಗೆ ಕರೆದುಕೊಂಡು ನಮ್ಮ ಬಳಿಗೆ ಬಂದರು. ಹುಡುಗ ತಲೆ ಎತ್ತಲಿಲ್ಲ. ತಂದೆಯೇ ಮಾತು ತೆಗೆದರು. "ಫಾದರ್, ಇಲ್ಲಿದ್ದಾಗ ಹುಲಿ ಇದ್ದಂಗ ಇದ್ದ. ಬೆಂಗಳೂರಿಗೆ ಹೋದ ಮ್ಯಾಲ ಇಲಿ ಆಗ್ಯಾನ. ವರ್ಷಪೂರ್ತಿ ಬೆಂಚಿನ ಮ್ಯಾಲ ಕುಂತು ಬಂದಾನ. ನೀವಾ ನಾಕು ಮಾತು ಹೇಳ್ರಿ."

ಹಿಂದಿನ ವರ್ಷ ಆ ಬಾಲಕ ಬೆಂಗಳೂರಿನ ಕಾಲ್ಚೆಂಡು ತಂಡವೊಂದರ ಕಿರಿಯರ ವಿಭಾಗಕ್ಕೆ ಆಯ್ಕೆಯಾಗಿದ್ದ. ಆಗ ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಅವನ ಹೆಸರನ್ನು ನಾವೇ ಹೆಮ್ಮೆಯಿಂದ ಓದಿದ್ದೆವು. ಸಭೆ ಚಪ್ಪಾಳೆ ತಟ್ಟಿತ್ತು. ಅವನು ಮರಳಿ ಬಂದು ಎರಡು ವಾರಗಳಾಗಿದ್ದವು. ಆ ಎರಡು ಭಾನುವಾರಗಳಲ್ಲೂ ಅವನು ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗಿದ್ದ. "ಹೇಗಿದ್ದೀಯ ಮಗು?" ಎಂದು ನಾವು ಕೇಳಿರಲಿಲ್ಲ. ಏರಿದವನಿಗೆ ಚಪ್ಪಾಳೆ, ಏರಿದ ಮೇಲೆ ಏದುಸಿರು ಬಿಡುವವನಿಗೆ ಮೌನ. ಈ ನಡವಳಿಕೆ ನಮ್ಮ ಅಂತರಂಗವನ್ನು ಚುಚ್ಚಿತು.

ಆ ದಿನ ಆ ಹುಡುಗನಿಗೆ ನಾವು ಉಪದೇಶ ಮಾಡಲಿಲ್ಲ. ಒಂದು ತಂಡದ ಕಥೆ ಹೇಳಿದೆವು. ಅದನ್ನೇ ಇಂದು ನಮ್ಮ ಕುಟುಂಬಗಳ ಮುಂದೆಯೂ ಇಡಬಯಸುತ್ತೇವೆ.

ವಿಮಾನ ಕಟ್ಟುವವರ ತಂಡ

ಕರ್ನಾಟಕಕ್ಕೂ ಕಾಲ್ಚೆಂಡಿಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಸತತವಾಗಿ ಎರಡು ಬಾರಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಬೆಂಗಳೂರಿನ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ ಮತ್ತು ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆಗೆ ಬ್ರೆಜಿಲ್‌ನ ಪೆಲೆಯ ಪ್ರತಿಮೆಯೂ ನಿಂತಿದೆಯೆಂದರೆ, ಬಡವರ ಬೀದಿಗಳಲ್ಲಿ ಈ ಆಟಕ್ಕೆ ಎಂಥ ಮನ್ನಣೆಯಿದೆ ಎಂಬುದನ್ನು ಊಹಿಸಬಹುದು.

ಆ ಬೀದಿಗಳ ಹುಡುಗರಿಗೆ ಅನ್ನದ ದಾರಿಯಾಗಿದ್ದುದು ಸಾರ್ವಜನಿಕ ವಲಯದ ಕಾರ್ಖಾನೆಗಳು. ಚೆನ್ನಾಗಿ ಆಡುವವನಿಗೆ ಅಲ್ಲಿ ನೌಕರಿ ದೊರೆಯುತ್ತಿತ್ತು. ಆಟದ ಕಾಲ ಮುಗಿದ ಮೇಲೂ ಸಂಬಳ, ವಸತಿ, ನಿವೃತ್ತಿ ವೇತನಗಳ ಭದ್ರತೆ ಉಳಿಯುತ್ತಿತ್ತು. 1940ರಲ್ಲಿ ಸ್ಥಾಪನೆಯಾದ ವಿಮಾನ ಕಾರ್ಖಾನೆಯ, ಅಂದರೆ ಎಚ್‌ಎಎಲ್‌ನ ತಂಡ ಈ ಪರಂಪರೆಗೆ ಸೇರಿದ್ದು. 2010ರಲ್ಲಿ ಐ-ಲೀಗ್‌ನ ಎರಡನೆಯ ಶ್ರೇಣಿಯಿಂದ ಎರಡು ತಂಡಗಳು ಅಂದಿನ ಅತ್ಯುನ್ನತ ಶ್ರೇಣಿಗೆ ಬಡ್ತಿ ಪಡೆದವು. ಒಂದು ಒಎನ್‌ಜಿಸಿ, ಇನ್ನೊಂದು ನಮ್ಮ ಎಚ್‌ಎಎಲ್.

ಬಡ್ತಿಯ ಸಂಭ್ರಮದ ಹಿಂದೆಯೇ ಬವಣೆಯೂ ಕಾದಿತ್ತು. ಎರಡನೆಯ ಶ್ರೇಣಿಯ ಪಂದ್ಯಾವಳಿ ಕೆಲವೇ ವಾರಗಳಲ್ಲಿ ಮುಗಿಯುವಂಥದು. ಆ ಅವಧಿಯಲ್ಲಿ ಹನ್ನೊಂದು ಜನ ಗಟ್ಟಿಗರು ಮೈಮುರಿದು ಆಡಿದರೆ ಗೆಲ್ಲಬಹುದು. ಮೇಲಿನ ಶ್ರೇಣಿಯಲ್ಲಾದರೋ 14 ತಂಡಗಳು. ಪ್ರತಿ ತಂಡಕ್ಕೂ ತಿಂಗಳುಗಟ್ಟಲೆ 26 ಪಂದ್ಯಗಳು. ಇಂದು ಕೋಲ್ಕತ್ತ, ಮುಂದಿನ ವಾರ ಗೋವಾ, ಆಮೇಲೆ ಪಂಜಾಬ್. ಡೆಂಪೊ ತಂಡದ ರಂಟಿ ಮಾರ್ಟಿನ್ಸ್, ಚರ್ಚಿಲ್ ಬ್ರದರ್ಸ್‌ನ ಒಡಾಫಾ ಮುಂತಾದ ನೈಜೀರಿಯದ ಆಟಗಾರರ ಎದುರು ರಕ್ಷಣಾ ಪಂಕ್ತಿ ಕ್ಷಣಕಾಲ ಕಣ್ಣು ಮಿಟುಕಿಸಿದರೂ ಚೆಂಡು ಬಲೆಯಲ್ಲಿರುತ್ತಿತ್ತು.

ಆದರೂ 2010-11ರ ಆ ಮೊದಲ ಋತುವಿನಲ್ಲಿ ಎಚ್‌ಎಎಲ್ ಉಳಿದುಕೊಂಡಿತು. ಜೊತೆಯಲ್ಲಿ ಏರಿದ್ದ ಒಎನ್‌ಜಿಸಿ ಕೆಳಗಿಳಿಯಿತು. ಅದರೊಡನೆ ಪಂಜಾಬಿನ ಜೆಸಿಟಿಯೂ ಇಳಿಯಿತು. 1996-97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡವೇ ಜೆಸಿಟಿ! ಅದೇ 2011ರಲ್ಲಿ ಆ ತಂಡವನ್ನು ಅದರ ಮಾಲೀಕರು ಮುಚ್ಚಿಬಿಟ್ಟರು. ಪ್ರಥಮ ಚಾಂಪಿಯನ್ ಅಳಿದ ವರ್ಷದಲ್ಲಿ ವಿಮಾನ ಕಾರ್ಖಾನೆಯ ನೌಕರರ ತಂಡ ಉಳಿದದ್ದು ಸಣ್ಣ ಸಾಧನೆಯೇನಲ್ಲ.

ಆದರೆ ಎರಡನೆಯ ವರ್ಷದಲ್ಲಿ ಶಕ್ತಿ ಕುಂದಿತು. 2011-12ರ ಋತುವಿನ ಕೊನೆಗೆ ಎಚ್‌ಎಎಲ್ ಪಟ್ಟಿಯ ಕಟ್ಟಕಡೆಯ ಸ್ಥಾನದಲ್ಲಿತ್ತು. ಅಲ್ಲಿಂದ ಇಳಿದ ತಂಡ ದೇಶದ ಅತ್ಯುನ್ನತ ಶ್ರೇಣಿಗೆ ಮತ್ತೆ ಮರಳಲಿಲ್ಲ. ಕ್ಲಬ್ಬುಗಳು ವೃತ್ತಿಪರ ಕಂಪನಿಗಳಾಗಿ ನೋಂದಣಿಯಾಗಬೇಕು, ಪರವಾನಗಿ ಪಡೆಯಬೇಕು ಎಂಬ ಏಷ್ಯಾ ಒಕ್ಕೂಟದ ನಿಯಮಗಳು ಬಿಗಿಯಾಗುತ್ತಿದ್ದ ಕಾಲವದು. ನೌಕರಿ ಕೊಟ್ಟು ಆಡಿಸುವ ತಂಡಗಳ ಯುಗ ಸಂಜೆಗತ್ತಲಿಗೆ ಸರಿಯುತ್ತಿತ್ತು.

ಅಣೆಕಟ್ಟಿನ ಪಾಠ

ಏರಿದವರು ಏಕೆ ತತ್ತರಿಸುತ್ತಾರೆ? ಹೊಸಪೇಟೆಯವರಿಗೆ ಇದನ್ನು ವಿವರಿಸಲು ದೂರದ ದೃಷ್ಟಾಂತ ಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಆ ಸರಪಳಿಯ ಸವಕಲು ಯಾರನ್ನೂ ಕಾಡಿರಲಿಲ್ಲ. ಜಲಾಶಯ ತುಂಬಿ ನಿಂತಾಗಲೇ ಅದು ಬಯಲಾಯಿತು. ದೌರ್ಬಲ್ಯವನ್ನು ಸೃಷ್ಟಿಸಿದ್ದು ನೀರಲ್ಲ. ನೀರು ಅದನ್ನು ತೋರಿಸಿಕೊಟ್ಟಿತು ಅಷ್ಟೆ. ಮೇಲಿನ ಶ್ರೇಣಿಯೂ ಹಾಗೆಯೇ. ಕೆಳಗೆ ಸಾಕಾಗುತ್ತಿದ್ದ ಓಟ, ಕೆಳಗೆ ಕ್ಷಮೆ ಪಡೆಯುತ್ತಿದ್ದ ತಪ್ಪು, ಕೆಳಗೆ ಲೆಕ್ಕಕ್ಕೆ ಬಾರದಿದ್ದ ದಣಿವು ಇವೆಲ್ಲ ಮೇಲೆ ಹೋದೊಡನೆ ಎಣಿಕೆಗೆ ಬರುತ್ತವೆ.

ಇದು ನಮ್ಮ ನಾಡಿನ ತಂಡಗಳ ಹಣೆಬರಹ ಮಾತ್ರವೆಂದು ಭಾವಿಸಬೇಕಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 2007-08ರಲ್ಲಿ ಆಗಷ್ಟೇ ಬಡ್ತಿ ಪಡೆದಿದ್ದ ಡರ್ಬಿ ಕೌಂಟಿ 38 ಪಂದ್ಯಗಳಲ್ಲಿ ಗೆದ್ದುದು ಒಂದೇ ಒಂದು. ಗಳಿಸಿದ್ದು 11 ಅಂಕ. 2023-24ರಲ್ಲಿ ಹೊಸದಾಗಿ ಏರಿದ್ದ ಮೂರೂ ತಂಡಗಳು ಅದೇ ವರ್ಷ ಇಳಿದವು. 2024-25ರಲ್ಲಿಯೂ ಅದೇ ಕಥೆ. ನಮ್ಮಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಆಟದ ಬಲದಿಂದ ಬಡ್ತಿ ಪಡೆದ ಮೊದಲ ತಂಡವಾದ ಪಂಜಾಬ್ ಎಫ್‌ಸಿ, 2023ರಲ್ಲಿ ತನ್ನ ಮೊದಲ ಗೆಲುವಿಗಾಗಿ ಡಿಸೆಂಬರ್‌ವರೆಗೆ ಕಾಯಬೇಕಾಯಿತು; ಆದರೂ ಎಂಟನೆಯ ಸ್ಥಾನಕ್ಕೆ ತಲುಪಿತು. ಮರುವರ್ಷ ಏರಿದ ಮೊಹಮ್ಮಡನ್ ಸ್ಪೋರ್ಟಿಂಗ್ ಕೊನೆಯ ಸ್ಥಾನಕ್ಕೆ ಕುಸಿಯಿತು. ಎರಡನೆಯ ಹಂತದ ಐ-ಲೀಗಿಗೆ 2024ರಲ್ಲಿ ಬಡ್ತಿ ಪಡೆದ ನಮ್ಮ ಎಸ್‌ಸಿ ಬೆಂಗಳೂರು ಒಂದೇ ಋತುವಿನಲ್ಲಿ ಹಿಂದಿರುಗಿತು.

ನಮ್ಮ ನೆರೆಯಲ್ಲೇ ಇದಕ್ಕೆ ಪ್ರತಿಯಾದ ಉದಾಹರಣೆಯೂ ಉಂಟು. ಎಚ್‌ಎಎಲ್ ಇಳಿದ ಮರುವರ್ಷ, 2013ರಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕು ತಯಾರಿಸುವ ಜೆಎಸ್‌ಡಬ್ಲ್ಯು ಸಮೂಹವೇ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಈ ತಂಡ ಮೆಟ್ಟಿಲು ಹತ್ತಿ ಬಂದುದಲ್ಲ. ನೇರ ಪ್ರವೇಶ ಪಡೆದದ್ದು. ಸುನಿಲ್ ಛೆಟ್ರಿಯವರ ನಾಯಕತ್ವದಲ್ಲಿ ಮೊದಲ ವರ್ಷವೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. ಆ ಗೆಲುವಿನ ಹಿಂದೆ ಪರಿಶ್ರಮವಿತ್ತು ನಿಜ. ಬಂಡವಾಳ, ತರಬೇತುದಾರರು ಮತ್ತು ಸಿದ್ಧತೆಗಳೂ ಇದ್ದವು. ಆದುದರಿಂದ, ಸೋತವರೆಲ್ಲ ಸೋಮಾರಿಗಳು, ಗೆದ್ದವರೆಲ್ಲ ಶ್ರಮಜೀವಿಗಳು ಎಂಬ ಸುಲಭದ ತೀರ್ಪು ಸತ್ಯಕ್ಕೆ ದೂರವಾದುದು. ಮನೆಗಳಲ್ಲಿಯೂ ಅಷ್ಟೆ. ಕಂಪ್ಲಿಯ ಗದ್ದೆಯ ಬದಿಯ ಶಾಲೆಯಲ್ಲಿ ಮೊದಲಿಗಳಾಗಿದ್ದ ಹುಡುಗಿ ಬೆಂಗಳೂರಿನ ಕಾಲೇಜಿನಲ್ಲಿ ನಲವತ್ತನೆಯವಳಾದರೆ, ಅವಳ ಬುದ್ಧಿ ರೈಲಿನಲ್ಲಿ ಕಳೆದುಹೋಯಿತೆಂದು ಅರ್ಥವಲ್ಲ. ಅವಳು ನಿಂತಿರುವ ನೀರು ಆಳವಾಗಿದೆ, ಅಷ್ಟೆ.

ತಾಳಿದವನು ಬಾಳಿಯಾನು

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಸಂತ ತೋಮಸ್ ಅಕ್ವಿನಾಸರ ಒಂದು ವಿಚಾರ ನಮ್ಮನ್ನು ಬೆರಗುಗೊಳಿಸಿತ್ತು. ಧೈರ್ಯವೆಂಬ ಸದ್ಗುಣಕ್ಕೆ ಎರಡು ಮುಖಗಳು: ಎದುರಿನದರ ಮೇಲೆ ನುಗ್ಗುವುದು ಒಂದು, ಬಂದೆರಗಿದುದನ್ನು ತಾಳಿಕೊಂಡು ನಿಲ್ಲುವುದು ಇನ್ನೊಂದು. ಇವೆರಡರಲ್ಲಿ ತಾಳಿಕೆಯೇ ಪ್ರಧಾನವೆಂದು ಅವರು ನಿರ್ಣಯಿಸುತ್ತಾರೆ. ನುಗ್ಗುವವನು ತನ್ನನ್ನು ಬಲಶಾಲಿಯೆಂದು ಭಾವಿಸಿ ನುಗ್ಗುತ್ತಾನೆ. ತಾಳುವವನಾದರೋ ತನಗಿಂತ ಬಲಶಾಲಿಯ ಎದುರು ಬಹುಕಾಲ ನಿಲ್ಲಬೇಕು. ಅದೇ ಹೆಚ್ಚು ಕಷ್ಟ. ನಮ್ಮ ಅಜ್ಜಿಯರು ಇದನ್ನು ಎರಡೇ ಪದಗಳಲ್ಲಿ ಹೇಳಿದ್ದರು: ತಾಳಿದವನು ಬಾಳಿಯಾನು. ಇಪ್ಪತ್ತಾರು ಪಂದ್ಯಗಳ ಋತುವಿನಲ್ಲಿ, ಕೊನೆಯ ಸ್ಥಾನ ಖಚಿತವಾದ ಮೇಲೂ, ಅಂಗಿ ತೊಟ್ಟು ಮೈದಾನಕ್ಕಿಳಿದು ತೊಂಬತ್ತು ನಿಮಿಷ ಓಡುವವರು ಈ ತಾಳಿಕೆಯನ್ನು ಬಲ್ಲವರು.

ಆದರೆ "ಸೋಲೇ ಗೆಲುವಿನ ಸೋಪಾನ" ಎಂದು ಹೇಳಿ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪಲಾರೆವು. ಎಲ್ಲ ಸೋಲುಗಳೂ ಸೋಪಾನಗಳಾಗುವುದಿಲ್ಲ. ಎಚ್‌ಎಎಲ್ ಮರಳಿ ಏರಲಿಲ್ಲ. ಆದರೂ ಆ ತಂಡದ ನೌಕರ ಆಟಗಾರರಿಗೆ ಮಾರನೆಯ ದಿನ ಹೋಗಲು ಒಂದು ಕಾರ್ಖಾನೆ, ಕಾಯುವ ಒಂದು ಮನೆ ಇದ್ದವು. ಇಂದು ಅಕಾಡೆಮಿಗಳಿಗೆ ಹೋಗುವ ನಮ್ಮ ಮಕ್ಕಳಿಗೆ ಆ ಭದ್ರತೆಯಿಲ್ಲ. ಹದಿನೆಂಟಕ್ಕೆ "ಇನ್ನು ಸಾಕು" ಎಂದು ಕಳುಹಿಸಿಬಿಟ್ಟರೆ ಅವರ ಕೈಯಲ್ಲಿ ಉಳಿಯುವುದೇನು? ಈ ಪ್ರಶ್ನೆಯನ್ನು ತಂದೆತಾಯಿಗಳು ಕಳುಹಿಸುವ ಮೊದಲೇ ಕೇಳಬೇಕು. ಬಂದ ಮೇಲೆ ಮಗನನ್ನು ಕೇಳುವುದು ನ್ಯಾಯವಲ್ಲ.

ಕುಸಿದಾಗ ಸೇರಿದ ಜನ

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಲೊರೆಂಜೊ ಮಾಸ್ಸ ಎಂಬ ಸಲೇಷಿಯನ್ ಗುರುಗಳಿದ್ದರು. ಬೀದಿಯಲ್ಲಿ ಚೆಂಡಾಡುತ್ತಿದ್ದ ಬಡ ಹುಡುಗರು ಟ್ರಾಮ್‌ಗಳ ಅಪಾಯಕ್ಕೆ ಸಿಲುಕುವುದನ್ನು ಕಂಡು, ಅವರು ದೇವಾಲಯದ ಅಂಗಳವನ್ನೇ ಆಟಕ್ಕೆ ಬಿಟ್ಟುಕೊಟ್ಟರು. 1908ರಲ್ಲಿ ಅಲ್ಲಿಂದ ಹುಟ್ಟಿದ್ದು ಸ್ಯಾನ್ ಲೊರೆಂಜೊ ಕ್ಲಬ್. 2025ರಲ್ಲಿ ನಮ್ಮನ್ನಗಲಿದ ಪೋಪ್ ಫ್ರಾನ್ಸಿಸರು ಬಾಲ್ಯದಿಂದಲೂ ಅದರ ಅಭಿಮಾನಿಯಾಗಿದ್ದುದನ್ನು ನಮ್ಮ ಓದುಗರು ಬಲ್ಲರು. 1981ರಲ್ಲಿ ಆ ಪ್ರತಿಷ್ಠಿತ ತಂಡ ಕೆಳಗಿನ ಶ್ರೇಣಿಗೆ ಬಿದ್ದಿತು. ಅದಕ್ಕೆ ಸ್ವಂತ ಕ್ರೀಡಾಂಗಣವೂ ಇರಲಿಲ್ಲ. ಆದರೆ 1982ರಲ್ಲಿ, ಎರಡನೆಯ ಶ್ರೇಣಿಯಲ್ಲಿ ಆಡುತ್ತಿದ್ದ ಆ ತಂಡವನ್ನು ನೋಡಲು ಕಿಕ್ಕಿರಿದು ಸೇರಿದ ಜನಸ್ತೋಮವನ್ನು ಆ ದೇಶ ಇಂದಿಗೂ ನೆನೆಯುತ್ತದೆ. ಆ ವರ್ಷವೇ ತಂಡ ಮರಳಿ ಮೇಲೇರಿತು. ಬಿದ್ದಾಗ ಸುತ್ತ ನೆರೆದವರೇ ನಿಜವಾದ ಅಭಿಮಾನಿಗಳು.

ನಮ್ಮ ಅಂಗಳದ ಹುಡುಗನ ಮಾತಿಗೆ ಮರಳೋಣ. ಕಥೆಯೆಲ್ಲ ಕೇಳಿದ ಮೇಲೆ ಅವನು ಮೊದಲ ಬಾರಿಗೆ ಬಾಯಿಬಿಟ್ಟ: "ಫಾದರ್, ಅಲ್ಲಿ ನನಗಿಂತ ಜೋರಾಗಿ ಓಡೋರು ಹತ್ತು ಮಂದಿ ಅದಾರ. ಆದ್ರ ಹ್ವಾದ ವರ್ಷಕ್ಕಿಂತ ಈಗ ನಾನು ಜೋರಾಗಿ ಓಡ್ತೀನಿ." ತಂದೆ ಮಗನ ಮುಖವನ್ನೇ ನೋಡಿದರು. ಬೆಂಗಳೂರಿನಿಂದ ಅವನು ತಂದಿದ್ದ ಈ ವರದಿಯನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಎಷ್ಟು ಗೋಲು ಹೊಡೆದೆ ಎಂದಷ್ಟೇ ಎಲ್ಲರೂ ಕೇಳಿದ್ದರು.

ನಿರ್ಧಾರ ಅವರ ಮನೆಯದು. ನಾವು ಅದರಲ್ಲಿ ತಲೆಹಾಕಲಿಲ್ಲ. ತಂದೆ ಐಟಿಐ ಅರ್ಜಿಯನ್ನು ತುಂಬಿಸಿ ಇಟ್ಟಿದ್ದರು. ಒಂದು ವಾರದ ಮಾತುಕತೆಯ ಬಳಿಕ ತಂದೆ ಮಗ ಇಬ್ಬರೂ ಒಂದು ಕರಾರಿಗೆ ಬಂದರು: ಇನ್ನೊಂದು ವರ್ಷ ಆಟ, ಅದರ ಜೊತೆಗೇ ಪಿಯುಸಿ ಓದು ತಪ್ಪದೆ ಸಾಗಬೇಕು, ವರ್ಷದ ಕೊನೆಗೆ ಮತ್ತೆ ಕುಳಿತು ಮಾತನಾಡಬೇಕು. ಜೂನ್‌ನಲ್ಲಿ ಅವನು ರಾತ್ರಿಯ ರೈಲು ಹತ್ತಿದ. ಬೀಳ್ಕೊಡಲು ಹೊಸಪೇಟೆ ನಿಲ್ದಾಣಕ್ಕೆ ತಂದೆಯೇ ಬಂದಿದ್ದರು, ನಾವೂ ಹೋಗಿದ್ದೆವು.

ಅವನು ಹನ್ನೊಂದರೊಳಗೆ ಸೇರುತ್ತಾನೋ ಇಲ್ಲವೋ, ಕಾಲವೇ ಹೇಳಬೇಕು. ನಮ್ಮ ಪಾಲಿಗೆ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಹೊರಟುಹೋಗುವ ಮಕ್ಕಳ ಹೆಸರನ್ನು ಪ್ರಕಟಣೆಯಲ್ಲಿ ಓದುವುದಾದರೆ, ಮರಳಿ ಬಂದ ಮಕ್ಕಳ ಬಳಿಗೆ ಪೂಜೆಯ ನಂತರ ನಾವಾಗಿಯೇ ನಡೆದು ಹೋಗುವುದು. ಪ್ರಿಯ ಕುಟುಂಬಗಳೇ, ನಿಮ್ಮ ಮನೆಯಲ್ಲೂ ಈ ವರ್ಷ ಯಾರಾದರೂ ಮೇಲಿನ ಮೆಟ್ಟಿಲೇರಿ ಏದುಸಿರು ಬಿಡುತ್ತಿರಬಹುದು. ಅವರಿಗೆ ಒಂದು ಫೋನ್ ಮಾಡಿ. ಅಂಕ ಎಷ್ಟು, ಸ್ಥಾನ ಎಷ್ಟು ಎಂಬುದನ್ನು ಆಮೇಲೆ ಕೇಳಿದರಾಯಿತು; ಮೊದಲು ಊಟವಾಯಿತೇ ಎಂದು ಕೇಳಿ.