ಸೀಟಿ ಊದುವ ಮೊದಲೇ ಒದ್ದರೆ ಅದು ಗೋಲೇ?

ನಮ್ಮ ತರಗತಿಯಲ್ಲಿ ಫುಟ್‌ಬಾಲ್ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಗೋಲಿನ ಬಳಿ. 2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಸುನಿಲ್ ಛೆಟ್ರಿ ಹೊಡೆದ ಗೋಲು ಅದು. ಐಎಸ್‌ಎಲ್‌ನ ನಾಕೌಟ್ ಪಂದ್ಯ. 90 ನಿಮಿಷದಲ್ಲಿ ಯಾರೂ ಗೋಲು ಹೊಡೆದಿರಲಿಲ್ಲ. ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಆಟಗಾರರ ಗೋಡೆ ನಿಲ್ಲಿಸುತ್ತಿದ್ದಾಗಲೇ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿದರು. ರೆಫ್ರಿ ಗೋಲು ಕೊಟ್ಟರು.

ನಾನು ಬೆಂಗಳೂರಿನ ಅಭಿಮಾನಿ. ನನ್ನ ಬೆಂಚಿನ ಗೆಳೆಯ ಕಾಸರಗೋಡಿನವನು, ಹಳದಿ ಜೆರ್ಸಿ ಕಡೆಯವನು. "ಸೀಟಿ ಊದಿಲ್ಲ, ಗೋಡೆ ನಿಂತಿಲ್ಲ, ಅದೆಂಥ ಗೋಲು ಮಾರಾಯ?" ಎಂದು ಅವನು ಕೇಳುತ್ತಾನೆ. ಜಗಳ ಬಿಟ್ಟು ನಿಯಮ ಏನೆಂದು ನೋಡೋಣ.

ಫ್ರೀ ಕಿಕ್ ಇರುವುದು ಫೌಲ್‌ಗೆ ಒಳಗಾದ ತಂಡಕ್ಕೆ ನ್ಯಾಯ ಸಿಗಲೆಂದು. ತಪ್ಪು ಮಾಡಿದವರಿಗೆ ಅದರಿಂದ ಸಮಯದ ಲಾಭ ಸಿಗಬಾರದು. ಹಾಗಾಗಿ ಚೆಂಡು ಫೌಲ್ ಆದ ಜಾಗದಲ್ಲಿ ಅಲುಗಾಡದೆ ಇದ್ದರೆ ಸೀಟಿಗೆ ಕಾಯದೆ ಒದೆಯಬಹುದು. ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಬೇಕೆಂದೇ ಚೆಂಡಿಗೆ ಅಡ್ಡ ನಿಂತು ಒದೆಯಲು ಬಿಡದಿದ್ದರೆ ಹಳದಿ ಕಾರ್ಡ್. ಗೋಡೆ ಕಟ್ಟುವುದು ತಡೆಯುವ ತಂಡದ ಉಪಾಯವೇ ಹೊರತು ಹಕ್ಕಲ್ಲ.

ಆದರೆ ಒದೆಯುವವರು "ಅವರನ್ನು ದೂರ ಸರಿಸಿ" ಎಂದು ಕೇಳಿದರೆ, ಅಥವಾ ಕಾರ್ಡ್ ತೋರಿಸಲು, ಗಾಯಗೊಂಡವರನ್ನು ನೋಡಲು, ಆಟಗಾರರನ್ನು ಬದಲಿಸಲು ಆಟ ನಿಂತರೆ, ಆಮೇಲೆ ಸೀಟಿ ಬೇಕೇ ಬೇಕು.

ಹಾಗಾದರೆ ಆ ರಾತ್ರಿಯ ಪ್ರಶ್ನೆ ಇಷ್ಟೇ: ರೆಫ್ರಿಗೂ ಛೆಟ್ರಿಗೂ ನಡುವೆ ಏನು ಮಾತಾಯಿತು? ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫ್ರಿಗೆ ಹೇಳಿದ್ದಾಗಿ ಛೆಟ್ರಿ ಆಮೇಲೆ ತಿಳಿಸಿದರು. ಅಷ್ಟು ಹೊತ್ತು ಕಳೆದ ಮೇಲೆ ಅದು ತಕ್ಷಣದ ಕಿಕ್ ಹೇಗಾಗುತ್ತದೆ ಎಂಬುದು ನನ್ನ ಗೆಳೆಯನ ವಾದ. ಅದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಇಂತಿಷ್ಟೇ ಸೆಕೆಂಡ್ ಎಂದು ನಿಯಮದಲ್ಲಿ ಬರೆದಿಲ್ಲ. ತೀರ್ಮಾನ ರೆಫ್ರಿಯದು. ಐಎಸ್‌ಎಲ್‌ನಲ್ಲಿ ಆಗ ವಿಡಿಯೊ ನೋಡಿ ತೀರ್ಪು ಕೊಡುವ ವಿಎಆರ್ ಕೂಡ ಇರಲಿಲ್ಲ.

ಕಂಠೀರವದಲ್ಲಿ ಅಣ್ಣನ ಜೊತೆ ಕೂತು ಪಂದ್ಯ ನೋಡಿದ್ದೇನೆ. ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ವೆಸ್ಟ್ ಬ್ಲಾಕ್ ಬ್ಲೂಸ್‌ನವರ ಹಾಡು, ಡೋಲಿನ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುವುದಿಲ್ಲ. ಇನ್ನು ರೆಫ್ರಿಯ ಮಾತು ಎಲ್ಲಿಂದ ಕೇಳಬೇಕು? ಆದರೂ ನಾವೆಲ್ಲ ಅಲ್ಲಿಂದಲೇ ತೀರ್ಪು ಕೊಟ್ಟುಬಿಡುತ್ತೇವೆ.

ನನ್ನ ದೃಷ್ಟಿಯಲ್ಲಿ ಕೇರಳಕ್ಕೆ ದುಬಾರಿಯಾದದ್ದು ಆ ಗೋಲಲ್ಲ, ಅದರ ನಂತರ ನಡೆದದ್ದು. ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಇನ್ನೂ 20 ನಿಮಿಷಕ್ಕೂ ಹೆಚ್ಚು ಆಟ ಬಾಕಿ ಇತ್ತು. ಸಮ ಮಾಡಲು ಒಂದೇ ಗೋಲು ಸಾಕಿತ್ತು. ತಂಡ ಮರಳಲಿಲ್ಲ, ಬೆಂಗಳೂರು ಗೆದ್ದಿತು. ಪಂದ್ಯ ಮತ್ತೆ ಆಡಿಸಬೇಕೆಂಬ ಮನವಿಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ತಿರಸ್ಕರಿಸಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು.

ನಮ್ಮ ಅಂತರ-ತರಗತಿ ಪಂದ್ಯಗಳಲ್ಲೂ "ನಡೀರೋ, ಆಡೋದು ಬೇಡ" ಎಂಬ ಕೂಗು ಕೇಳಿಬರುತ್ತದೆ. ಆಡುವವರಿಗೆ ನನ್ನದು ಮೂರೇ ಮಾತು. ಫೌಲ್ ಆದಾಗ ಚೆಂಡಿಗೆ ಬೆನ್ನು ಹಾಕಬೇಡಿ. ಸೀಟಿಗೆ ಕಾಯಬೇಕೇ ಎಂದು ನಾಯಕ ರೆಫ್ರಿಯನ್ನು ಕೇಳಿ ತಿಳಿದುಕೊಳ್ಳಲಿ. ತೀರ್ಪು ತಪ್ಪೆನಿಸಿದರೂ ಉಳಿದ ಆಟ ಆಡಿ. ದೂರನ್ನು ಪಂದ್ಯ ಮುಗಿದ ಮೇಲೂ ಕೊಡಬಹುದು, ಆ 20 ನಿಮಿಷ ಮತ್ತೆ ಸಿಗುವುದಿಲ್ಲ.