ಹ್ಯುಮನಾಯ್ಡ್: ಹೋಲಿಕೆ ಎಷ್ಟು, ಸಾಮರ್ಥ್ಯ ಎಷ್ಟು?

ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್‌ನ ಶಿಲ್ಪಗಳು ಹಳ್ಳಿಯ ಜನರನ್ನು ಜೀವಂತವೆನ್ನುವಷ್ಟು ನೈಜವಾಗಿ ತೋರಿಸುವುದರಿಂದ, ಮನುಷ್ಯನ ಹೋಲಿಕೆಯನ್ನು ಮೂಡಿಸಲು ಯಂತ್ರವೇ ಬೇಕಿಲ್ಲವೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಹ್ಯುಮನಾಯ್ಡ್, ಅಂದರೆ ಮನುಷ್ಯಾಕಾರದ ರೋಬೋಟ್, ಪರೀಕ್ಷೆಗೊಳಗಾಗುವುದು ಚಲನೆಯಲ್ಲಿ.

ಇಸ್ರೋ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪರಿಚಯಿಸಿದ ‘ವ್ಯೋಮಮಿತ್ರ’ ಮಾತನಾಡಬಲ್ಲದು, ಫಲಕದ ಸ್ವಿಚ್‌ಗಳನ್ನು ನಿರ್ವಹಿಸಬಲ್ಲದು. ಕಾಲುಗಳಿಲ್ಲದ ಕಾರಣ ಅದು ಅರೆ-ಹ್ಯುಮನಾಯ್ಡ್ ಎನಿಸಿಕೊಂಡಿದ್ದರೂ, ಬಾಹ್ಯಾಕಾಶಕ್ಕೆ ಮನುಷ್ಯರನ್ನು ಕಳುಹಿಸುವ ‘ಗಗನಯಾನ’ ಯೋಜನೆಯ ಮಾನವರಹಿತ ಹಾರಾಟಕ್ಕೆ ಅಷ್ಟು ಸಾಕು. 2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಅರ್ಧ ಮ್ಯಾರಥಾನ್‌ನಲ್ಲಿ ಓಡಿದ 21 ರೋಬೋಟ್‌ಗಳ ಪೈಕಿ ಮೊದಲು ಗುರಿ ಮುಟ್ಟಿದ್ದು 2 ಗಂಟೆ 40 ನಿಮಿಷ ತೆಗೆದುಕೊಂಡಿತು, ಅದರ ಬ್ಯಾಟರಿಯನ್ನೂ ದಾರಿಯಲ್ಲಿ ಮೂರು ಸಲ ಬದಲಿಸಬೇಕಾಯಿತು.

ಓಟಕ್ಕಿಂತಲೂ ಕಠಿಣವಾದುದು ಕೈಕೆಲಸ. ಸವಣೂರಿನ ವೀಳ್ಯದೆಲೆಯ ತೋಟದಲ್ಲಿ ಎಲೆ ಕೊಯ್ಯುವವರು ಎಳೆಯದು, ಬಲಿತದ್ದು ಯಾವುದೆಂದು ನೋಟದಲ್ಲೇ ಅರಿತು, ಬಳ್ಳಿಗೆ ಪೆಟ್ಟಾಗದಂತೆ, ಎಲೆ ಹರಿಯದಂತೆ ಚಿವುಟುತ್ತಾರೆ. ಸ್ಪರ್ಶ ಸಂವೇದಕ, ಅಂದರೆ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ, ಆ ಬೆರಳತುದಿಯ ಸೂಕ್ಷ್ಮತೆಯನ್ನು ಇನ್ನೂ ಮುಟ್ಟಿಲ್ಲ. ಮನುಷ್ಯನಿಗೆ ಸಲೀಸಾದ ಇಂಥ ಕೆಲಸಗಳೇ ಯಂತ್ರಕ್ಕೆ ದುಸ್ತರವೆಂಬುದನ್ನು ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲಿಯೇ ಬರೆದಿದ್ದರು, ಮತ್ತು ಆ ಮಾತಿನ ತೂಕ ಇಂದಿಗೂ ಕುಗ್ಗಿಲ್ಲ.

ಕೆಲವು ಪ್ರದರ್ಶನಗಳಲ್ಲಿ ರೋಬೋಟ್‌ನ ಕೈಗಳನ್ನು ದೂರದಲ್ಲಿ ಕುಳಿತ ಮನುಷ್ಯನೇ ಆಡಿಸುವುದುಂಟು. ಆದ್ದರಿಂದ ಹಾನಗಲ್, ಹಿರೇಕೆರೂರಿನ ವಿದ್ಯಾರ್ಥಿಗಳು ಇಂಥ ಪ್ರದರ್ಶನಗಳ ವಿಡಿಯೊಗಳನ್ನು ಕಂಡಾಗ, ಯಂತ್ರ ತಾನೇ ನಿರ್ಧರಿಸುತ್ತಿದೆಯೇ ಅಥವಾ ಬೇರೊಬ್ಬರು ನಡೆಸುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು.