ನೀಲಗಿರಿಯ ಇಳುವರಿಯೂ ಮಣ್ಣಿನ ಶಿಲ್ಕೂ

ನೀಲಗಿರಿ ತೋಪಿನ ಇಳುವರಿಯನ್ನು ವರ್ಷದ ಸರಾಸರಿ ಮಳೆಯೊಂದರಿಂದಲೇ ಅಂದಾಜು ಮಾಡುವುದು, ಆರಂಭದ ಶಿಲ್ಕನ್ನು ಬಿಟ್ಟು ಜಮಾಖರ್ಚು ಬರೆದಂತೆ. ನೀರು ಸಾಲದಾಗ ಎಲೆಯ ರಂಧ್ರಗಳು ಮುಚ್ಚಿ ಬೆಳವಣಿಗೆ ಕುಗ್ಗುವುದು ನಿಜವೇ. ಆದರೆ ಮರವು ಕುಡಿಯುವುದು ಆ ವರ್ಷದ ಮಳೆಯನ್ನು ಮಾತ್ರವೇ ಅಲ್ಲ.

ಇಯಾನ್ ಕಾಲ್ಡರ್ ಮತ್ತು ಅವರ ಸಂಗಡಿಗರು 1980ರ ದಶಕದಿಂದ ನಮ್ಮ ನಾಡಿನಲ್ಲಿಯೇ ಇದನ್ನು ಅಳೆದು ನೋಡಿದರು. ಶಿವಮೊಗ್ಗದ ಕಡೆ, ಸುಮಾರು 3 ಮೀಟರು ಆಳದ ಮಣ್ಣಿನಲ್ಲಿ, ನೀಲಗಿರಿಯ ನೀರಿನ ವೆಚ್ಚವು ಬಿದ್ದ ಮಳೆಗೆ ಹೆಚ್ಚುಕಡಮೆ ಸಮನಾಗಿತ್ತು. ರಾಗಿಯ ವೆಚ್ಚ ಅದರ ಅರ್ಧದಷ್ಟು. ಮಣ್ಣು ಬಹಳ ಆಳವಾಗಿದ್ದ ಹೊಸಕೋಟೆಯಲ್ಲಿಯಾದರೋ ವೆಚ್ಚವು ಮಳೆಯನ್ನೇ ಮೀರಿತು. ಬೇರುಗಳು ಕೆಳಕೆಳಗಿನ ಪದರಗಳಿಗೆ ಇಳಿದು, ಹಿಂದಿನ ವರ್ಷಗಳು ಕೂಡಿಟ್ಟಿದ್ದ ತೇವವನ್ನು ಹೀರಿದ್ದವು.

ಇದರಿಂದ ತಿಳಿಯತಕ್ಕದ್ದೇನು? ಮಳೆ ಒಂದೇ ಆದರೂ ಮಣ್ಣಿನ ಆಳ ಬೇರೆಯಾದರೆ ಇಳುವರಿಯೂ ಬೇರೆಯಾಗಬಹುದು. ಮೊದಲ ಕಟಾವಿನ ಅಂಕಿಗಳನ್ನೇ ಕೂಳೆ ಬೆಳೆಗೂ ಹಿಡಿಯುವುದು ಅಪಾಯಕರ. ಶಿಲ್ಕು ತೀರಿದ ಮೇಲೆ ಚಿಗುರು ಅಂದಂದಿನ ಮಳೆಯನ್ನೇ ನಂಬಬೇಕು. ಮುಂದೆ ಒಳ್ಳೆಯ ಮಳೆಯಾದರೂ ಅದು ಮೊದಲು ಒಣಗಿದ ಮಣ್ಣನ್ನು ತಣಿಸಬೇಕು. ಬಾವಿಯ ಪಾಲು ಅನಂತರದ್ದು.

2017ರಲ್ಲಿ ಕರ್ನಾಟಕ ಸರಕಾರವು ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕೆ ಮೊದಲೇ ಬೇರೂರಿದ ತೋಪುಗಳ ಬೆಲೆಕಟ್ಟುವ ಅಧಿಕಾರಿಗಳೂ ಭೂಮಾಲಿಕರೂ ತಿಂಗಳವಾರು ಮಳೆ, ಮಣ್ಣಿನ ಆಳ, ಉಳಿದಿರುವ ತೇವ ಈ ಮೂರನ್ನೂ ಲೆಕ್ಕಕ್ಕೆ ತರಬೇಕೆಂದು ನಾವು ಬಿನ್ನವಿಸುತ್ತೇವೆ. ಅಸಲನ್ನು ಬಡ್ಡಿಯೆಂದು ಭ್ರಮಿಸಿದ ಮನೆತನ ಬಹುಕಾಲ ಬಾಳದು.